ದೊಡ್ಡ ಕೆರೆ, ಸಣ್ಣ ತೂಬು

ಚೀಟಿಯಲ್ಲಿ ಎರಡೇ ಸಾಲು ಇದ್ದವು. 'ಜಿಟಿಎಕ್ಸ್ 750 ಟಿಐ, 2 ಜಿಬಿ, ಜಿಡಿಡಿಆರ್5' ಎಂದು ಮೊದಲನೆಯದು. 'ಬೇರೆ ಯಾವುದೂ ಬೇಡ ಅಣ್ಣ' ಎಂದು ಎರಡನೆಯದು. ಎರಡನೇ ಸಾಲಿನ ಕೆಳಗೆ ಗೆರೆ ಎಳೆದಿದ್ದ.

2015ರ ಜೂನ್ ತಿಂಗಳು. ತಮ್ಮ ಆಗ ಡಿಪ್ಲೊಮಾ ಓದುತ್ತಿದ್ದ. ಓದುತ್ತಿದ್ದ ಅನ್ನುವುದಕ್ಕಿಂತ ಹೋಗಿ ಬರುತ್ತಿದ್ದ ಅನ್ನಬೇಕು. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಬಿಟ್ಟು ಎರಡನೇ ಸಲ ಪಾಸಾದವನು. ಮನೆಯಲ್ಲಿ ನನ್ನ ಮಾರ್ಕ್ಸ್ ಕಾರ್ಡು ಬೀರುವಿನೊಳಗೆ ಪ್ಲಾಸ್ಟಿಕ್ ಕವರಿನಲ್ಲಿ ಇತ್ತು. ಅವನದು ಎಲ್ಲಿತ್ತೋ ಯಾರಿಗೂ ಗೊತ್ತಿರಲಿಲ್ಲ. ಯಾರೋ ಆಫೀಸಿನವರು ಮಾರಿದ ಹಳೆಯ ಕಂಪ್ಯೂಟರೊಂದನ್ನು ತುಮಕೂರಿನಿಂದ ಬಸ್ಸಿನ ಮೇಲೆ ಹಾಕಿಸಿಕೊಂಡು ಬಂದು, ಅದರಲ್ಲಿ ಬ್ಲೆಂಡರ್ ಎಂಬ ಉಚಿತ ತಂತ್ರಾಂಶ ಹಾಕಿಕೊಂಡು ರಾತ್ರಿಯೆಲ್ಲ ಏನೋ ಮಾಡುತ್ತಿದ್ದ. ಒಂದು ಸಲ ತೋರಿಸಿದ. ನಮ್ಮ ಹಟ್ಟಿಯ ಮುಂದಿನ ಕಲ್ಲು ತೊಟ್ಟಿ ಪರದೆಯ ಮೇಲೆ ಇತ್ತು. ಸುತ್ತ ತಿರುಗಿಸಿ ನೋಡಬಹುದಿತ್ತು. ತೊಟ್ಟಿಯ ಮೂಲೆ ಒಡೆದದ್ದನ್ನೂ ಬಿಟ್ಟಿರಲಿಲ್ಲ. ಆದರೆ ತಿರುಗಿಸಿದರೆ ಪರದೆ ಬಿಕ್ಕಳಿಸುತ್ತಿತ್ತು. 'ಕಾರ್ಡ್ ಇಲ್ಲ ಅಣ್ಣ, ಅದುಕ್ಕೆ' ಎಂದ.

ಅಪ್ಪ ಒಪ್ಪಲು ನಾಲ್ಕು ತಿಂಗಳು ಬೇಕಾಯಿತು. ತಿಪಟೂರಿನಲ್ಲಿ ಕೊಬ್ಬರಿ ಮಾರಿ ಬಂದ ದುಡ್ಡಿನಲ್ಲಿ ಒಂಬತ್ತೂವರೆ ಸಾವಿರ ಎಣಿಸಿ ನನ್ನ ಕೈಗೆ ಕೊಟ್ಟರು, ಅವನ ಕೈಗಲ್ಲ. ನಾನು ಬೆಂಗಳೂರಿನ ಒಂದು ಮುದ್ರಣಾಲಯದಲ್ಲಿ ಡಿಟಿಪಿ ಕೆಲಸಕ್ಕಿದ್ದೆ. ಪುಸ್ತಕಗಳ ಪುಟ ಕಟ್ಟುವುದು, ಅಕ್ಷರದ ಗಾತ್ರ ಹೊಂದಿಸುವುದು, ಕರಡು ತಿದ್ದುವುದು. ಮೂರು ಹೊತ್ತೂ ಕಂಪ್ಯೂಟರಿನ ಮುಂದೆ ಕೂರುವವನಿಗೆ ಕಂಪ್ಯೂಟರು ಗೊತ್ತಿರುತ್ತದೆ ಎಂದು ಮನೆಯವರು ನಂಬಿದ್ದರು. ನಾನೂ ನಂಬಿದ್ದೆ.

ಶನಿವಾರ ಮಧ್ಯಾಹ್ನ ಎಸ್.ಪಿ. ರಸ್ತೆಗೆ ಹೋದೆ. ಅಂಗಡಿಯವನು ಚೀಟಿ ನೋಡಿ, ಆ ಕಾರ್ಡು ಒಂಬತ್ತು ಸಾವಿರದ ಚಿಲ್ಲರೆ ಆಗುತ್ತದೆ ಎಂದ. ಆಮೇಲೆ ಇನ್ನೊಂದು ಡಬ್ಬಿ ತೆಗೆದು ಗಾಜಿನ ಮೇಲೆ ಇಟ್ಟ. 'ಇದು ನೋಡಿ ಸರ್, ಜಿಟಿ 730. ಅದು ಎರಡು ಜಿಬಿ, ಇದು ನಾಲ್ಕು. ರೇಟೂ ಕಮ್ಮಿ.' ಐದು ಸಾವಿರದ ಏಳುನೂರು. ಅವನು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಲ್ಲ. ಡಬ್ಬಿಯ ಮೇಲೂ 4 ಜಿಬಿ ಎಂದು ದಪ್ಪ ಅಕ್ಷರದಲ್ಲಿ ಇತ್ತು. ಡಿಡಿಆರ್3, 64 ಬಿಟ್ ಎಂದು ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಇತ್ತು. ಸಣ್ಣ ಅಕ್ಷರ ಓದುವುದೇ ಕಸುಬಾಗಿದ್ದ ನಾನು ಅದನ್ನು ಓದಲಿಲ್ಲ. ತಮ್ಮನಿಗೆ ಫೋನ್ ಮಾಡಬಹುದಿತ್ತು, ಅದನ್ನೂ ಮಾಡಲಿಲ್ಲ. ನಾಲ್ಕು ಎರಡಕ್ಕಿಂತ ಹೆಚ್ಚು ಎಂದು ತಿಳಿಯಲು ಗಣಿತದಲ್ಲಿ ಫೇಲಾದವನನ್ನು ಕೇಳಬೇಕೆ ಎಂದು ಮನಸ್ಸಿನಲ್ಲಿ ಬಂದಿತ್ತು. ಇದನ್ನು ಬರೆಯಲು ಈಗ ಕೈ ಬರುವುದಿಲ್ಲ, ಆದರೂ ಬರೆಯಬೇಕು.

ಊರಿಗೆ ಹೋಗಿ ಅಪ್ಪನ ಕೈಗೆ ಮೂರು ಸಾವಿರದ ಎಂಟುನೂರು ವಾಪಸು ಕೊಟ್ಟೆ. 'ಕೇಳಿದ್ದರ ಎರಡರಷ್ಟು ತಂದಿದೀನಿ, ದುಡ್ಡೂ ಉಳೀತು' ಎಂದೆ. ಅಪ್ಪ ತಮ್ಮನ ಕಡೆ ತಿರುಗಿ, 'ನೋಡ್ಕ, ನಿಮ್ಮಣ್ಣನ್ನ ನೋಡಿ ಕಲಿ' ಎಂದರು. ತಮ್ಮ ಡಬ್ಬಿಯನ್ನು ತಿರುವಿ ಹಿಂಬದಿ ಓದಿದ. ಒಂದು ನಿಮಿಷ ಓದಿರಬಹುದು. 'ಚೆನ್ನಾಗೈತೆ ಅಣ್ಣ' ಎಂದ.

ಅಷ್ಟೇ. ಎಂಟು ವರ್ಷ ಆ ವಿಷಯ ಮತ್ತೆ ಬರಲಿಲ್ಲ. ಬಂದಾಗಲೆಲ್ಲ ಅಪ್ಪನ ಬಾಯಲ್ಲಿ ನನ್ನ ಜಾಣತನದ ಉದಾಹರಣೆಯಾಗಿ ಬರುತ್ತಿತ್ತು.

2023ರಲ್ಲಿ ತಮ್ಮ ಫೋನ್ ಮಾಡಿದ. ಅವನೀಗ ತಿಪಟೂರಿನ ಒಂದು ಸ್ಟುಡಿಯೋದಲ್ಲಿ ಮದುವೆ ವಿಡಿಯೋ ಎಡಿಟ್ ಮಾಡುತ್ತಾನೆ. ಬಿಡುವಿನಲ್ಲಿ ಬ್ಲೆಂಡರ್ ಕೆಲಸ, ಯಾರದೋ ಮನೆಯ ನಕ್ಷೆಗೆ ತ್ರೀಡಿ ಚಿತ್ರ ಮಾಡಿಕೊಡುವುದು ಇತ್ಯಾದಿ. 'ಹೊಸ ಕಾರ್ಡ್ ತಗೋಬೇಕು. ಭಾನುವಾರ ಬಿಟ್ಟು ಯಾವತ್ತಾರ ಬರ್ತೀನಿ, ನೀನೂ ಬಾ' ಎಂದ. ಈ ಸಲ ಪೆದ್ದನಂತೆ ನಿಲ್ಲಬಾರದು ಎಂದು ಒಂದು ವಾರ ರಾತ್ರಿ ಕೂತು ಗ್ರಾಫಿಕ್ಸ್ ಕಾರ್ಡುಗಳ ವಿವರದ ಪಟ್ಟಿ ಓದಲು ಕಲಿತೆ. ಕಲಿಯುತ್ತಾ ಹೋದಂತೆ ಆ ಪಟ್ಟಿ ನಮ್ಮೂರಿನ ಕೆರೆಯಂತೆ ಕಾಣತೊಡಗಿತು. ಹಾಗೆ ನೋಡಿದಾಗಲೇ ನನಗೆ ಅರ್ಥವಾದದ್ದು.

ಕಾರ್ಡಿನ ಮೇಲೆ ಅದರದೇ ಆದ ಮೆಮೊರಿ ಇರುತ್ತದೆ. ಚಿತ್ರ ಕಟ್ಟಲು ಬೇಕಾದ ಆಕಾರಗಳು, ಮೇಲ್ಮೈಯ ಬಣ್ಣ, ಕಲ್ಲಿನ ಒರಟು, ಮರದ ಗೆರೆ ಎಲ್ಲ ಅದರೊಳಗೆ ತುಂಬಿರುತ್ತವೆ. ಜಿಬಿ ಎಂದು ಬರೆಯುವುದು ಅದರ ಗಾತ್ರವನ್ನು. ಅದು ಕೆರೆ. ಚಿಪ್ಪಿನೊಳಗೆ ನೂರಾರು, ಸಾವಿರಾರು ಸಣ್ಣ ಲೆಕ್ಕಿಗರು ಇರುತ್ತಾರೆ. ಅವರನ್ನು ಕೋರ್ ಎನ್ನುತ್ತಾರೆ. ಅವು ಅಚ್ಚುಕಟ್ಟಿನ ಗದ್ದೆಗಳು. ಕೆರೆಯಿಂದ ಗದ್ದೆಗೆ ನೀರು ಹೋಗಬೇಕಾದರೆ ತೂಬಿನಿಂದಲೇ ಹೋಗಬೇಕು. ತೂಬು ಎಷ್ಟು ಅಗಲ ಎಂಬುದನ್ನು ಬಿಟ್‌ಗಳಲ್ಲಿ ಹೇಳುತ್ತಾರೆ: 64 ಬಿಟ್, 128 ಬಿಟ್, 192 ಬಿಟ್. ನೀರು ಎಷ್ಟು ರಭಸವಾಗಿ ಬರುತ್ತದೆ ಎಂಬುದು ಮೆಮೊರಿಯ ಜಾತಿಯ ಮೇಲೆ ಹೋಗುತ್ತದೆ. ಡಿಡಿಆರ್3 ನಿಧಾನ, ಜಿಡಿಡಿಆರ್5 ಜೋರು. ಅಗಲವನ್ನು ರಭಸದಿಂದ ಗುಣಿಸಿ, ಬಿಟ್ಟನ್ನು ಬೈಟು ಮಾಡಲು ಎಂಟರಿಂದ ಭಾಗಿಸಿದರೆ ಒಂದು ಸೆಕೆಂಡಿಗೆ ಎಷ್ಟು ನೀರು ಎಂದು ಸಿಗುತ್ತದೆ. ಇದಕ್ಕೆ ಬ್ಯಾಂಡ್‌ವಿಡ್ತ್ ಎಂದು ಹೆಸರು.

ಹೊಸ ಕಾರ್ಡುಗಳ ಲೆಕ್ಕ ಮುಗಿಸಿದ ಮೇಲೆ ಒಂದು ರಾತ್ರಿ, ಸುಮ್ಮನೆ, ಹಳೆಯ ಎರಡು ಹೆಸರು ಹುಡುಕಿದೆ. ನಾನು ತಂದಿದ್ದ 64 ಬಿಟ್ಟಿನ ಡಿಡಿಆರ್3 ಜಿಟಿ 730: 64ನ್ನು 1.8ರಿಂದ ಗುಣಿಸಿ ಎಂಟರಿಂದ ಭಾಗಿಸಿದರೆ ಸೆಕೆಂಡಿಗೆ 14.4 ಜಿಬಿ. ಚೀಟಿಯಲ್ಲಿದ್ದ 750 ಟಿಐ: 128ನ್ನು 5.4ರಿಂದ ಗುಣಿಸಿ ಎಂಟರಿಂದ ಭಾಗಿಸಿದರೆ 86.4. ಒಂದನ್ನು ಇನ್ನೊಂದರಿಂದ ಭಾಗಿಸಿದೆ. ಆರು ಬಂತು. ಚಿಲ್ಲರೆ ಏನೂ ಇಲ್ಲ, ಸರಿಯಾಗಿ ಆರು.

ಇನ್ನೊಂದು ರೀತಿಯಲ್ಲೂ ಲೆಕ್ಕ ಹಾಕಿದೆ. ಪರದೆಯ ಮೇಲೆ ಚಲನೆ ನುಣುಪಾಗಿ ಕಾಣಬೇಕಾದರೆ ಸೆಕೆಂಡಿಗೆ 60 ಚಿತ್ರ ಬೇಕು ಎನ್ನುತ್ತಾರೆ. ಅಂದರೆ ಒಂದು ಚಿತ್ರಕ್ಕೆ ಸಿಗುವುದು ಸೆಕೆಂಡಿನ 60ನೇ ಒಂದು ಭಾಗ. ಅಷ್ಟು ಹೊತ್ತಿನಲ್ಲಿ ನಾನು ತಂದ ಕಾರ್ಡಿನ ತೂಬಿನಿಂದ ಬರುವುದು 0.24 ಜಿಬಿ. ನಾಲ್ಕು ಜಿಬಿಯ ಕೆರೆ. ಒಂದು ಚಿತ್ರಕ್ಕೆ ಅದರಲ್ಲಿ ಕಾಲು ಜಿಬಿಯನ್ನೂ ಮುಟ್ಟಲಾಗದು. ಉಳಿದದ್ದು ಬರೀ ನೋಡಲಿಕ್ಕೆ. ನಾನು ಅಪ್ಪನಿಗೆ 'ಎರಡರಷ್ಟು' ಎಂದು ಹೇಳಿದ್ದೆನಲ್ಲ, ಆ ಎರಡರಷ್ಟು ನೀರು ಗದ್ದೆಗೆ ಎಂದೂ ಬರುವಂತಿರಲಿಲ್ಲ.

ಆ ರಾತ್ರಿ ನಿದ್ದೆ ಬರಲಿಲ್ಲ. ಕಾರ್ಡು ಸಾಧಾರಣದ್ದಾಗಿತ್ತು ಎಂಬುದು ಅಷ್ಟು ಕಾಡಲಿಲ್ಲ. ಅಂದು ಅವನು ಡಬ್ಬಿ ತಿರುವಿ ಒಂದು ನಿಮಿಷ ಓದಿದ್ದು ಈ ಸಾಲನ್ನೇ ಎಂಬುದು ಕಾಡಿತು. ಗಣಿತದಲ್ಲಿ ಫೇಲಾದವನು ಹಟ್ಟಿಯಲ್ಲಿ ನಿಂತುಕೊಂಡೇ ಈ ಗುಣಾಕಾರ ಮಾಡಿ ಮುಗಿಸಿದ್ದ.

ಒಂದು ಗುರುವಾರ ಅವನು ಬಂದ. ಎಸ್.ಪಿ. ರಸ್ತೆಗೆ ಹೋಗುವ ಮುಂಚೆ ಟೌನ್ ಹಾಲ್ ಹತ್ತಿರ ಒಂದು ದರ್ಶಿನಿಯಲ್ಲಿ ಇಡ್ಲಿ ತಿಂದು ಕಾಫಿ ಹಿಡಿದು ನಿಂತಿದ್ದೆವು. ಅಲ್ಲೇ ಕೇಳಿದೆ. 'ಆ 730 ಕಾರ್ಡು... ನಿಂಗೆ ಅವತ್ತೇ ಗೊತ್ತಿತ್ತಲ್ಲವಾ?'

ಅವನು ನಕ್ಕ. 'ಈಗ್ಯಾಕೆ ಅದು?'

'ಹೇಳಬೇಕಿತ್ತಲ್ಲೋ. ವಾಪಸ್ ಕೊಟ್ಟು ಬರ್ತಿದ್ದೆ.'

'ಅಪ್ಪ ಅವತ್ತು ಎಷ್ಟು ಖುಷಿಯಾಗಿದ್ರು ಅಂದ್ರೆ...' ಎಂದು ನಿಲ್ಲಿಸಿದ. ಆಮೇಲೆ, 'ಆ ಮೂರು ಸಾವಿರದ ಎಂಟುನೂರರಲ್ಲಿ ಬೋರಿನ ಸ್ಟಾರ್ಟರ್ ಸರಿ ಮಾಡ್ಸಿದ್ರು ಮಾರ್ನೇ ದಿನಾನೇ. ಎಲ್ಲಿಂದ ವಾಪಸ್ ತರ್ತಿದ್ದೆ?'

ಬಲವಂತ ಮಾಡಿದ ಮೇಲೆ ಉಳಿದದ್ದನ್ನು ಹೇಳಿದ. 2017ರ ಮಾರ್ಚಿನಲ್ಲಿ ಬೆಂಗಳೂರಿನ ಒಂದು ಅನಿಮೇಶನ್ ಸಂಸ್ಥೆ, ತಾವೇ ಮಾಡಿದ ಹತ್ತು ಸೆಕೆಂಡಿನ ಚಿತ್ರ ಕಳಿಸಿದವರಲ್ಲಿ ಕೆಲವರನ್ನು ಆರಿಸಿ ಅರ್ಧ ಫೀಸಿಗೆ ಸೇರಿಸಿಕೊಳ್ಳುವುದಾಗಿ ಪ್ರಕಟಣೆ ಕೊಟ್ಟಿತ್ತಂತೆ. ಅವನು ನಮ್ಮೂರ ಜಾತ್ರೆಯ ತೇರು ಮಾಡಿದ್ದ. ತೇರಿನ ಗಾಲಿ ಒಂದು ಸುತ್ತು ಉರುಳಿ ನಿಲ್ಲುತ್ತದೆ, ಧ್ವಜ ಅಲುಗಾಡುತ್ತದೆ, ಅಷ್ಟೇ. ಸೆಕೆಂಡಿಗೆ 24 ಚಿತ್ರದಂತೆ 240 ಚಿತ್ರ. ಒಂದೊಂದನ್ನು ಕಾರ್ಡು ಲೆಕ್ಕ ಹಾಕಿ ಬೆಳಕು ನೆರಳು ತುಂಬಿ ಮುಗಿಸಲು ಹತ್ತು ಹತ್ತು ನಿಮಿಷ. ಕರೆಂಟು ಹೋದರೆ ಎಲ್ಲ ಹಾಳಾಗಬಾರದು ಎಂದು ಒಂದೊಂದು ಚಿತ್ರವನ್ನೂ ಬೇರೆ ಬೇರೆಯಾಗಿ ಉಳಿಸಿಕೊಳ್ಳುತ್ತಾ ಹೋದ. ಕೊನೆಯ ದಿನದ ರಾತ್ರಿ ಹನ್ನೆರಡಕ್ಕೆ 181 ಆಗಿತ್ತು. ಕಳಿಸಲಿಲ್ಲ.

'59 ಬಾಕಿ ಇತ್ತು' ಎಂದ. ಆರು ವರ್ಷದ ಮೇಲೂ ಆ ಸಂಖ್ಯೆಯನ್ನು ಹುಡುಕಿ ಹೇಳಬೇಕಾಗಿರಲಿಲ್ಲ ಅವನಿಗೆ.

ನಾನು ಅಲ್ಲೇ ನಿಂತು ಲೆಕ್ಕ ಹಾಕಿದೆ. ಈ ಕೆಲಸದಲ್ಲಿ ತೂಬಿಗಿಂತ ಗದ್ದೆಯ ಲೆಕ್ಕವೇ ಹೆಚ್ಚು ಎಂದು ಓದಿಕೊಂಡಿದ್ದೆ. 730ರಲ್ಲಿ 384 ಕೋರು, 750 ಟಿಐಯಲ್ಲಿ 640. ಅವು ಓಡುವ ವೇಗವನ್ನೂ ಸೇರಿಸಿ ಗುಣಿಸಿದರೆ ಆರು ಪಟ್ಟು ಬರುವುದಿಲ್ಲ, ಎರಡು ಪಟ್ಟಿಗಿಂತ ತುಸು ಕಡಿಮೆ ಬರುತ್ತದೆ. ಹತ್ತು ನಿಮಿಷದ ಚಿತ್ರ ಐದೂವರೆ ನಿಮಿಷದೊಳಗೆ ಆಗುತ್ತಿತ್ತು ಎಂದಿಟ್ಟುಕೊಂಡರೂ, 181 ಮುಗಿದ ಹೊತ್ತಿನಲ್ಲಿ 240 ಮುಗಿದು ಇನ್ನೂ ಸಮಯ ಉಳಿಯುತ್ತಿತ್ತು. ಹೇಳಿದೆ.

'ಗೊತ್ತು' ಎಂದ. 'ಆದ್ರೆ ಕಳಿಸಿದ್ರೆ ತಗೊಂಡಿರೋರು ಅಂತ ಏನು ಗ್ಯಾರಂಟಿ? ಗಾಲಿ ಸರಿಯಾಗಿ ಉರುಳ್ತಿರ್ಲಿಲ್ಲ ಅಣ್ಣ. ನೆಲದ ಮೇಲೆ ಜಾರ್ತಿತ್ತು.'

ಅದು ನನ್ನನ್ನು ಸಮಾಧಾನ ಮಾಡಲು ಹೇಳಿದ ಮಾತೋ, ನಿಜವೋ ತಿಳಿಯಲಿಲ್ಲ. ಈಗಲೂ ತಿಳಿದಿಲ್ಲ. ನಿಧಾನದ ಕಾರ್ಡಿನಿಂದಲೇ ಅವನು ತಾಳ್ಮೆ ಕಲಿತ, ಕಡಿಮೆಯಲ್ಲಿ ಮಾಡುವುದು ಕಲಿತ ಎಂದು ಬರೆದು ನಾನು ಹಗುರಾಗಬಹುದು. ಅವನು ಹಾಗೆ ಹೇಳಲಿಲ್ಲ, ಆದ್ದರಿಂದ ನಾನೂ ಹೇಳುವುದಿಲ್ಲ.

ಅಂಗಡಿಯಲ್ಲಿ ಎರಡು ಕಾರ್ಡುಗಳ ನಡುವೆ ಮಾತು ನಿಂತಿತು. 2021ರಲ್ಲಿ ಬಂದ ಆರ್‌ಟಿಎಕ್ಸ್ 3060, ಮತ್ತು ಆಗಷ್ಟೇ ಬಂದಿದ್ದ 4060. ಬೆಲೆಯಲ್ಲಿ ಹೆಚ್ಚು ಅಂತರವಿರಲಿಲ್ಲ. ನಾನು ಒಂದು ವಾರ ಓದಿದ್ದೆಲ್ಲ ಬಾಯಿಗೆ ಬಂತು. ಪಟ್ಟಿಯ ಪ್ರಕಾರ ನೋಡಿದರೆ ಹಳೆಯದೇ ಮೇಲು ಅನ್ನಿಸುತ್ತದೆ. ಕೋರು 3584, ಹೊಸದರಲ್ಲಿ 3072. ತೂಬು 192 ಬಿಟ್, ಹೊಸದರಲ್ಲಿ 128. ಬ್ಯಾಂಡ್‌ವಿಡ್ತ್ 360, ಹೊಸದರಲ್ಲಿ 272. ಕೆರೆ 12 ಜಿಬಿ, ಹೊಸದರಲ್ಲಿ ಎಂಟೇ. ಇಷ್ಟಾದರೂ ಆಟಗಳಲ್ಲಿ ಅಳೆದು ನೋಡಿದವರು ಬಹುತೇಕ ಕಡೆ 4060 ಮುಂದಿದೆ ಎನ್ನುತ್ತಾರೆ. ವಿದ್ಯುತ್ತೂ ಕಡಿಮೆ ತಿನ್ನುತ್ತದೆ, 170 ವಾಟಿನ ಬದಲು 115.

ಕಾರಣ ಎರಡು. ಮೊದಲನೆಯದು, ಹೊಸದರ ಕೋರುಗಳು ಹೆಚ್ಚು ವೇಗವಾಗಿ ಓಡುತ್ತವೆ, 1.78 ಗಿಗಾಹರ್ಟ್ಜ್ ಇದ್ದದ್ದು 2.46 ಆಗಿದೆ. ಬೇರೆ ಬೇರೆ ತಲೆಮಾರಿನ ಕೋರುಗಳನ್ನು ಬರೀ ಎಣಿಸಿ ಹೋಲಿಸುವಂತಿಲ್ಲ. ಈ ಕಂಪನಿ ತನ್ನ ತಲೆಮಾರುಗಳಿಗೆ ವಿಜ್ಞಾನಿಗಳ ಹೆಸರು ಇಡುತ್ತದೆ: ಕೆಪ್ಲರ್, ಮ್ಯಾಕ್ಸ್‌ವೆಲ್, ಆಂಪಿಯರ್, ಅಡಾ ಲವ್‌ಲೇಸ್. ಅಂದು ನಾನು ತಂದದ್ದು ಕೆಪ್ಲರ್, ತಮ್ಮ ಕೇಳಿದ್ದು ಮ್ಯಾಕ್ಸ್‌ವೆಲ್. 3060 ಆಂಪಿಯರ್, 4060 ಅಡಾ. ಹೆಸರು ಬದಲಾದಾಗ ಕೋರುಗಳನ್ನು ಜೋಡಿಸುವ ರೀತಿಯೇ ಬದಲಾಗಿರುತ್ತದೆ. ಎರಡನೆಯ ಕಾರಣ ಚಿಪ್ಪಿನೊಳಗೇ ಇರುವ ಸಣ್ಣ ಮೆಮೊರಿ. ಅದಕ್ಕೆ ಕ್ಯಾಶ್ ಎನ್ನುತ್ತಾರೆ. 3060ರಲ್ಲಿ ಅದು 3 ಎಂಬಿ, 4060ರಲ್ಲಿ 24. ಇದು ಗದ್ದೆಯ ಬದುವಿನಲ್ಲೇ ತೋಡಿದ ಕೃಷಿ ಹೊಂಡ. ಪದೇ ಪದೇ ಬೇಕಾಗುವ ನೀರು ಹೊಂಡದಲ್ಲೇ ಸಿಕ್ಕಿದರೆ ತೂಬಿನ ಕಡೆ ಓಡುವುದು ಕಡಿಮೆಯಾಗುತ್ತದೆ. ಆಗ ತೂಬು ತುಸು ಕಿರಿದಾದರೂ ನಡೆಯುತ್ತದೆ.

ಇದನ್ನೆಲ್ಲ ಹೇಳಿ, 'ಜಿಬಿ ನೋಡಿ ಮೋಸ ಹೋಗಬಾರದು, 4060 ತಗೋ' ಎಂದೆ. ಎಂಟು ವರ್ಷದ ಪ್ರಾಯಶ್ಚಿತ್ತ ಒಂದೇ ವಾಕ್ಯದಲ್ಲಿ ಮಾಡಿದಂತಿತ್ತು ನನ್ನ ದನಿ.

ತಮ್ಮ ಗಾಜಿನ ಮೇಲೆ ಮೊಳಕೈ ಊರಿ ನಕ್ಕ. 'ಈ ಸಲ ನಂಗೆ ಜಿಬಿನೇ ಮುಖ್ಯ ಅಣ್ಣ.'

ಅವನು ಆಟ ಆಡುವವನಲ್ಲ. ಮನೆಯ ನಕ್ಷೆಗೆ ತ್ರೀಡಿ ಮಾಡುವಾಗ ಸೋಫಾ, ಪರದೆ, ಗಿಡ, ಟೈಲ್ಸು, ಒಂದೊಂದರ ಮೇಲ್ಮೈಗೂ ದೊಡ್ಡ ದೊಡ್ಡ ಚಿತ್ರ ಹಚ್ಚಬೇಕು. ಎಲ್ಲ ಸೇರಿ ಒಂಬತ್ತು, ಹತ್ತು ಜಿಬಿ ದಾಟುತ್ತದೆ. ಕಾರ್ಡಿನ ಮೆಮೊರಿಯಲ್ಲಿ ಹಿಡಿಸದಿದ್ದರೆ ಕಂಪ್ಯೂಟರಿನ ಸಾಮಾನ್ಯ ಮೆಮೊರಿಯಿಂದ ಎಳೆದು ತರಬೇಕು, ಆಗ ಎತ್ತಿನ ಗಾಡಿಯಂತೆ ಆಗುತ್ತದೆ. ಇಲ್ಲವೇ ಮೆಮೊರಿ ಸಾಲದು ಎಂದು ಹೇಳಿ ಕೆಲಸವೇ ನಿಲ್ಲುತ್ತದೆ. ಕೆರೆಯಲ್ಲೇ ನೀರಿಲ್ಲದ ಮೇಲೆ ತೂಬು, ಹೊಂಡ ಯಾವುದೂ ಉಪಯೋಗಕ್ಕೆ ಬರುವುದಿಲ್ಲ. ಅವನಿಗೆ 12 ಬೇಕಿತ್ತು. ಒಂದು ಚಿತ್ರಕ್ಕೆ ಕೆಲವು ಸೆಕೆಂಡು ಹೆಚ್ಚಾದರೂ ಪರವಾಗಿಲ್ಲ, ಮುಗಿಯಬೇಕು.

'ತೇರು ಮಾಡಿದಾಗ ಎಷ್ಟು ಹಿಡಿದಿತ್ತು?' ಎಂದು ಕೇಳಿದೆ.

'ಒಂದು ಜಿಬಿನೂ ಆಗಿರ್ಲಿಲ್ಲ.'

ಅಂದರೆ ನಾಲ್ಕರಲ್ಲಿ ಮೂರು ಖಾಲಿಯೇ ಇದ್ದವು. ಅಂದು ಅವನಿಗೆ ಬೇಕಿದ್ದದ್ದು ಸಣ್ಣ ಕೆರೆ, ಅಗಲದ ತೂಬು, ಚುರುಕಿನ ಗದ್ದೆ. ನಾನು ತಂದದ್ದು ದೊಡ್ಡ ಕೆರೆ. ಇಂದು ಬೇಕಿದ್ದದ್ದು ದೊಡ್ಡ ಕೆರೆ. ನಾನು ತೂಬಿನ, ಹೊಂಡದ ಪಾಠ ಹೇಳುತ್ತಿದ್ದೆ. ಎರಡು ಸಲವೂ ಪಟ್ಟಿಯನ್ನು ಪಟ್ಟಿಯ ಜೊತೆ ಹೋಲಿಸಿದ್ದೆ. ಯಾರಿಗೆ, ಯಾವ ಕೆಲಸಕ್ಕೆ ಎಂದು ಒಂದು ಸಲವೂ ಕೇಳಿರಲಿಲ್ಲ.

ಅವನು ಅಂಗಡಿಯವನಿಗೆ ಡಬ್ಬಿ ತಿರುವಿ ತೋರಿಸಲು ಹೇಳಿದ. 192 ಬಿಟ್ ಎಂದು ಇರುವುದನ್ನು ಬೆರಳಿಟ್ಟು ಓದಿದ. 3060 ಎಂಬ ಅದೇ ಹೆಸರಿನಲ್ಲಿ 8 ಜಿಬಿ, 128 ಬಿಟ್ಟಿನದೂ ಬಂದಿದೆ, ಅದರ ಬ್ಯಾಂಡ್‌ವಿಡ್ತ್ 240 ಮಾತ್ರ ಎಂದು ನನಗೆ ಹೇಳಿದ. ಒಂದೇ ಹೆಸರಿನಲ್ಲಿ ಎರಡು ಸರಕು ಇರುವುದು ಈ ಲೋಕದಲ್ಲಿ ಹೊಸದಲ್ಲ. ಜಿಟಿ 1030 ಎಂಬ ಕಾರ್ಡು 2017ರಲ್ಲಿ ಜಿಡಿಡಿಆರ್5 ಮೆಮೊರಿಯೊಂದಿಗೆ ಬಂದಾಗ ಬ್ಯಾಂಡ್‌ವಿಡ್ತ್ 48 ಇತ್ತು. ಮರುವರ್ಷ ಅದೇ ಹೆಸರಿನಲ್ಲಿ ಡಿಡಿಆರ್4 ಹಾಕಿ ಬಂದದ್ದರಲ್ಲಿ 16.8. ಜಿಟಿಎಕ್ಸ್ 970 ಕಾರ್ಡಿನ ನಾಲ್ಕು ಜಿಬಿಯಲ್ಲಿ ಕೊನೆಯ ಅರ್ಧ ಜಿಬಿ ಮಾತ್ರ ಬಹಳ ನಿಧಾನ ಎಂದು ಕೊಂಡವರು ಕಂಡುಹಿಡಿದು, ಅಮೆರಿಕದ ನ್ಯಾಯಾಲಯಕ್ಕೆ ಹೋಗಿ, 2016ರಲ್ಲಿ ಕಾರ್ಡಿಗೆ 30 ಡಾಲರಿನಂತೆ ಪರಿಹಾರ ಕೊಡುವ ಒಪ್ಪಂದವಾಯಿತು. ಅವರ ಕಥೆ ಬೇರೆ. ನನ್ನ ಡಬ್ಬಿಯ ಮೇಲೆ ಎಲ್ಲವೂ ಬರೆದೇ ಇತ್ತು.

ಕಾರ್ಡು ಕೊಂಡು ಅವನ ಜೊತೆಗೇ ಊರಿಗೆ ಹೋದೆ. ರೈಲಿನಲ್ಲಿ ಇನ್ನೊಂದು ವಿಷಯ ಹೇಳಿದ. ಸೆಕೆಂಡಿಗೆ ಸರಾಸರಿ ಎಷ್ಟು ಚಿತ್ರ ಎಂಬುದನ್ನೂ ನಂಬಬಾರದಂತೆ. 59 ಚಿತ್ರ ಹತ್ತು ಹತ್ತು ಮಿಲಿಸೆಕೆಂಡಿನಲ್ಲಿ ಬಂದು, ಒಂದೇ ಒಂದು 410 ಮಿಲಿಸೆಕೆಂಡು ತೆಗೆದುಕೊಂಡರೂ ಆ ಸೆಕೆಂಡಿನ ಲೆಕ್ಕ 60 ಎಂದೇ ಬರುತ್ತದೆ. ಕಾಗದದ ಮೇಲೆ ನುಣುಪು, ಕಣ್ಣಿಗೆ ಬಿಕ್ಕಳಿಕೆ. 2011ರಲ್ಲಿ ಸ್ಕಾಟ್ ವಾಸನ್ ಎಂಬ ವಿಮರ್ಶಕ ದಿ ಟೆಕ್ ರಿಪೋರ್ಟ್‌ನಲ್ಲಿ ಇದನ್ನು ವಿವರವಾಗಿ ಬರೆದ ಮೇಲೆ, ಒಂದೊಂದು ಚಿತ್ರಕ್ಕೂ ಎಷ್ಟು ಹೊತ್ತು ಹಿಡಿಯಿತು ಎಂದು ಅಳೆಯುವ ರೂಢಿ ಹರಡಿತು. ಈಗ ಸರಾಸರಿಯ ಪಕ್ಕದಲ್ಲಿ ಅತಿ ಕೆಟ್ಟ ನೂರಕ್ಕೆ ಒಂದು ಭಾಗದ ಲೆಕ್ಕವನ್ನೂ ಕೊಡುತ್ತಾರೆ.

ರಾತ್ರಿ ಊಟಕ್ಕೆ ಕೂತಾಗ ಇದನ್ನು ಅಪ್ಪನಿಗೆ ಹೇಳಿದೆ. ಅವರಿಗೆ ತಿಳಿಯುವುದಿಲ್ಲ ಎಂದುಕೊಂಡೇ ಹೇಳಿದೆ. ಅಪ್ಪ ಮುದ್ದೆ ಮುರಿಯುತ್ತಾ, 'ಅದೇನು ಹೊಸಾದು? ವಾಡಿಕೆ ಮಳೆ ಆಗೈತೆ ಅಂತ ಪೇಪರ್‌ನಾಗೆ ಬರೀತಾರೆ. ರಾಗಿ ತೆನೆ ಒಡೆಯೋ ಹೊತ್ನಾಗೆ ಇಪ್ಪತ್ತು ದಿನ ಬರ್ದೆ, ಆಮೇಲೆ ಎರಡು ದಿನ ಹುಯ್ದು ಲೆಕ್ಕ ತುಂಬುಸ್ತು ಅಂದ್ರೆ ಏನು ಬಂತು?' ಎಂದರು.

ಅಪ್ಪನಿಗೆ ಇಷ್ಟು ತಿಳಿಯುವುದಾದರೆ ಉಳಿದದ್ದೂ ತಿಳಿಯುತ್ತದೆ ಎಂದು ಆಗ ಅನ್ನಿಸಿತು. ಕೆರೆ, ತೂಬು, ಗದ್ದೆ ಎಲ್ಲ ಹೇಳಿದೆ. 2015ರ ಕಾರ್ಡಿನದು ದೊಡ್ಡ ಕೆರೆ, ಆದರೆ ತೂಬು ಇವನು ಕೇಳಿದ್ದರ ಆರನೇ ಒಂದು ಭಾಗ ಎಂದೆ. 'ನಾನು ತಂದದ್ದು ತಪ್ಪು ಅಪ್ಪ. ಅವನು ಸರಿಯಾಗೇ ಬರ್ಕೊಟ್ಟಿದ್ದ. ಅವನು ಹೇಳಿದ್ದು ಬಿಟ್ಟು ಬೇರೆ ತಂದೆ' ಎಂದೆ. ತೇರಿನ ವಿಷಯವನ್ನು ಹೇಳಬೇಕೋ ಬೇಡವೋ ಎಂದು ತಮ್ಮನ ಕಡೆ ನೋಡಿದೆ. ಅವನು ತಟ್ಟೆ ನೋಡುತ್ತಿದ್ದ. ಹೇಳಿದೆ. 181 ಎಂದೂ ಹೇಳಿದೆ.

ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ತಮ್ಮನಿಗೆ, 'ಆವಾಗ್ಲೇ ಹೇಳ್ಬೋದಿತ್ತಲ್ಲೋ' ಎಂದರು.

'ಹೇಳಿದ್ರೆ ನೀವು ಕೇಳ್ತಿದ್ರಾ?' ಎಂದ ತಮ್ಮ. ಜಗಳದ ದನಿಯಲ್ಲಿ ಅಲ್ಲ. ಕೇಳಬೇಕೆಂದು ಬಹಳ ದಿನದಿಂದ ಇಟ್ಟುಕೊಂಡಿದ್ದ ಪ್ರಶ್ನೆಯಂತೆ.

ಅಪ್ಪ ಉತ್ತರ ಕೊಡಲಿಲ್ಲ. ಅಮ್ಮ ಮಜ್ಜಿಗೆ ಬಡಿಸಿದರು. ಎಲ್ಲರೂ ಊಟ ಮುಗಿಸಿದೆವು.

ಬೆಳಿಗ್ಗೆ ತಮ್ಮ ಹೊಸ ಕಾರ್ಡು ಹಾಕಿ, ಹಳೆಯದನ್ನು ತೆಗೆದು ಜಗಲಿಯ ಮೇಲೆ ಇಟ್ಟಿದ್ದ. ಪಕ್ಕದಲ್ಲಿ ಒಂದು ಇನ್ನೂರು ಪುಟದ ನೋಟ್‌ಬುಕ್ಕು. ತೆರೆದು ನೋಡಿದೆ. ಒಂದು ಪುಟದಲ್ಲಿ ಸಾಲಾಗಿ ಸಂಖ್ಯೆ, ಎದುರಿಗೆ ನಿಮಿಷ. ಅಲ್ಲಲ್ಲಿ 'ಕರೆಂಟ್ ಹೋಯ್ತು' ಎಂದು ಬರಹ. 181ರ ಕೆಳಗೆ ಏನೂ ಇರಲಿಲ್ಲ, ಗೆರೆಯೂ ಎಳೆದಿರಲಿಲ್ಲ. ಮುಂದಿನ ಪುಟದಲ್ಲಿ ಗಾಲಿಯ ಚಿತ್ರ, ಅದರ ಸುತ್ತಳತೆಯ ಲೆಕ್ಕ, ಒಂದು ಸುತ್ತಿಗೆ ತೇರು ಎಷ್ಟು ಮುಂದೆ ಹೋಗಬೇಕು ಎಂದು ಎರಡು ಕಡೆ ಬರೆದು ಒಂದನ್ನು ಹೊಡೆದು ಹಾಕಿದ್ದ. ಗಾಲಿ ಜಾರುತ್ತಿದ್ದುದು ನಿಜವೇ ಇರಬೇಕು.

ಅಪ್ಪ ತೋಟಕ್ಕೆ ಹೊರಟವರು ಜಗಲಿಯ ಹತ್ತಿರ ನಿಂತರು. ಹಳೆಯ ಕಾರ್ಡನ್ನು ಕೈಗೆತ್ತಿಕೊಂಡು ತಿರುವಿ ನೋಡಿದರು. ಅಟ್ಟದ ಮೇಲಿನ ಕಾಯಿ ಒಳಗೆ ಒಣಗಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಎಂದು ನೋಡುವಂತೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಫ್ಯಾನಿನ ಅಚ್ಚು ಸವೆದಿತ್ತೇನೋ, ಕಟಕಟ ಎಂದಿತು.

'ಕೊಬ್ಬರಿ ಆಗೈತೆ' ಎಂದರು.

ತಮ್ಮ ಒಳಗಿನಿಂದ ನಕ್ಕದ್ದು ಕೇಳಿಸಿತು. ಅಪ್ಪ ಕಾರ್ಡನ್ನು ಮೆಲ್ಲಗೆ ನೋಟ್‌ಬುಕ್ಕಿನ ಮೇಲೆ ಇಟ್ಟು, ಬಾಗಿಲ ಕಡೆ ತಿರುಗಿ, 'ಆ ತೇರು ಇನ್ನೂ ಐತೇನೋ? ಬಂದಾಗ ತೋರ್ಸು' ಎಂದು ಹೇಳಿ ತೋಟದ ಕಡೆ ನಡೆದರು.